ನಿದ್ದೆ ಬರ್ತಿಲ್ಲ, ತಲೆ ಸ್ಕ್ಯಾನ್ ಮಾಡಿಸ್ಲಾ ಡಾಕ್ಟ್ರೇ?

ನಿದ್ದೆ ಬಗ್ಗೆ ಪ್ರಶ್ನೆ ಕಳ್ಸಿ ಅಂದಿದ್ದಕ್ಕೆ ಬಂದಿದ್ರಲ್ಲಿ ಅರ್ಧಕ್ಕರ್ಧ ಸ್ಕ್ಯಾನ್ ಬಗ್ಗೇನೇ ಇತ್ತು. ಎಂಆರ್‌ಐ ಮಾಡಿಸ್ಲಾ, ಮಾಡಿಸ್ದೆ ನಾರ್ಮಲ್ ಬಂತು ಈಗೇನ್ ಮಾಡ್ಲಿ, ಪೆಟ್ ಸ್ಕ್ಯಾನ್ ಅಂತಾರಲ್ಲ ಅದ್ರಲ್ಲಿ ಗೊತ್ತಾಗತ್ತಾ, ಹೀಗೆ. ಒಂದೇ ಥರದವನ್ನ ಒಟ್ಟು ಸೇರ್ಸಿ ಕೆಲವನ್ನ ಆರಿಸ್ಕೊಂಡಿದೀನಿ, ಯಾರ ಹೆಸರೂ ಹಾಕಿಲ್ಲ. ನಾನು ನಿದ್ದೆ ತೊಂದ್ರೆ ನೋಡೋ ಡಾಕ್ಟ್ರು, ಸ್ಕ್ಯಾನ್ ರಿಪೋರ್ಟ್ ಬರೆಯೋ ರೇಡಿಯಾಲಜಿಸ್ಟ್ ಅಲ್ಲ, ಅದನ್ನ ತಲೇಲಿಟ್ಕೊಂಡು ಓದಿ.

ಪ್ರಶ್ನೆ: ನಂಗೆ 41 ವರ್ಷ. ಎಂಟು ತಿಂಗಳಿಂದ ರಾತ್ರಿ ಮೂರು ಗಂಟೆ ನಿದ್ದೆ ಬಂದ್ರೆ ಹೆಚ್ಚು. ಬ್ಲಡ್ ಟೆಸ್ಟ್ ಎಲ್ಲಾ ನಾರ್ಮಲ್. ಮನೇಲಿ "ಸುಮ್ನೆ ಯೋಚ್ನೆ ಮಾಡ್ತೀಯ, ಏನೂ ಆಗಿಲ್ಲ ನಿಂಗೆ" ಅಂತಾರೆ. ಒಂದ್ಸಲ ಬ್ರೇನ್ ಎಂಆರ್‌ಐ ಮಾಡಿಸ್ಬಿಟ್ರೆ ಏನಿದೆ ಅಂತ ಗೊತ್ತಾಗಲ್ವಾ?

ಗೊತ್ತಾಗಲ್ಲ. ಬೇಜಾರಾಗ್ಬೇಡಿ, ಯಾಕೆ ಅಂತ ಹೇಳ್ತೀನಿ.

ಆಸ್ಪತ್ರೇಲಿ ಮಾಡೋ ಮಾಮೂಲಿ ಎಂಆರ್‌ಐ ಮಿದುಳಿನ ಕಟ್ಟಡ ತೋರ್ಸತ್ತೆ. ಗಡ್ಡೆ ಇದ್ಯಾ, ರಕ್ತ ಹೆಪ್ಪುಗಟ್ಟಿದ್ಯಾ, ಹಳೇ ಸ್ಟ್ರೋಕ್ ಗುರುತು ಇದ್ಯಾ, ಎಲ್ಲಾದ್ರೂ ಸವೆದಿದ್ಯಾ ಅಂತ. ನಿಮ್ಮ ತೊಂದ್ರೆ ಕಟ್ಟಡದ್ದಲ್ಲ. ಮನೆ ಫೋಟೋ ತೆಗೆದ್ರೆ ಗೋಡೆ ಬಿರುಕು ಕಾಣ್ಬೋದು, ಆದ್ರೆ ರಾತ್ರಿ ಎಲ್ರೂ ಮಲ್ಕೊಂಡ್ಮೇಲೂ ಯಾವ ರೂಮಲ್ಲಿ ಲೈಟ್ ಉರೀತಿದೆ ಅಂತ ಹಗಲು ತೆಗೆದ ಫೋಟೋದಲ್ಲಿ ಹೆಂಗ್ ಕಾಣತ್ತೆ ಹೇಳಿ.

ಆ ಲೈಟ್ ನೋಡೋಕೆ ಬೇರೆ ಸ್ಕ್ಯಾನ್ ಇದೆ, ಪೆಟ್ ಅಂತ. ಮಿದುಳು ಎಲ್ಲೆಲ್ಲಿ ಎಷ್ಟು ಗ್ಲೂಕೋಸ್ ಸುಡ್ತಿದೆ ಅಂತ ಅದು ತೋರ್ಸತ್ತೆ. ಆರೋಗ್ಯವಾಗಿರೋರಲ್ಲಿ ಗಾಢ ನಿದ್ದೆಗೆ ಹೋದಾಗ ಮಿದುಳಿನ ಗ್ಲೂಕೋಸ್ ಖರ್ಚು ಎಚ್ಚರ ಇದ್ದಾಗಿಗಿಂತ ಶೇಕಡಾ 40ರ ಆಸುಪಾಸು ಇಳಿಯತ್ತೆ ಅಂತ 1990ರ ಹೊತ್ತಿಗೇ ಗೊತ್ತಾಗಿತ್ತು. 2004ರಲ್ಲಿ ಅಮೆರಿಕದಲ್ಲಿ ಎರಿಕ್ ನಾಫ್ಜಿಂಗರ್ ಅನ್ನೋರ ತಂಡ ಇನ್ಸೋಮ್ನಿಯಾ, ಅಂದ್ರೆ ನಿದ್ದೆ ಬರದ ಕಾಯಿಲೆ ಇರೋರನ್ನ ಇದೇ ಪೆಟ್‌ನಲ್ಲಿ ನೋಡಿದ್ರು. ಅವ್ರ ಮಿದುಳು ಹಗಲಲ್ಲೂ ರಾತ್ರೀಲೂ ಬೇರೆಯವ್ರಿಗಿಂತ ಜಾಸ್ತಿ ಗ್ಲೂಕೋಸ್ ಸುಡ್ತಿತ್ತು, ಮುಖ್ಯವಾಗಿ ನಿದ್ದೆ ಬಂದ್ಮೇಲೂ ನಮ್ಮನ್ನ ಎಚ್ಚರ ಇಡೋ ಭಾಗಗಳು ತಣ್ಣಗಾಗ್ಬೇಕಿದ್ದಷ್ಟು ಆಗ್ತಾನೇ ಇರ್ಲಿಲ್ಲ. ಅಂದ್ರೆ ಮಲಗಿದಾರೆ, ಕಣ್ಣು ಮುಚ್ಚಿದೆ, ತಂತಿ ಹಾಕಿ ನೋಡಿದ್ರೆ ನಿದ್ದೆ ಅಂತಾನೇ ತೋರ್ಸತ್ತೆ, ಆದ್ರೂ ಒಳಗಿನ ಕಾವಲುಗಾರ ಮಾತ್ರ ಡ್ಯೂಟಿ ಬಿಟ್ಟಿಲ್ಲ. "ರಾತ್ರಿಯಿಡೀ ಎದ್ದೇ ಇದ್ದೆ" ಅಂತ ನೀವು ಹೇಳೋದು, "ಇಲ್ಲ ಗೊರಕೆ ಹೊಡೀತಿದ್ದೆ" ಅಂತ ಮನೆಯವ್ರು ಹೇಳೋದು, ಎರಡೂ ನಿಜ ಇರ್ಬೋದು ಅಂತ ನಂಗೆ ಅರ್ಥ ಆಗಿದ್ದು ಈ ಥರದ ಕೆಲಸ ಓದಿದ್ಮೇಲೇನೇ. ಮನೇಲಿ ಏನೂ ಆಗಿಲ್ಲ ಅಂದ್ರೆ ಈ ಪ್ಯಾರಾ ತೋರ್ಸಿ.

ಹಂಗಾದ್ರೆ ಪೆಟ್ ಮಾಡಿಸ್ಲಾ ಅಂತೀರ. ಬೇಡ. ಆ ಸ್ಟಡೀಲಿ ಇನ್ಸೋಮ್ನಿಯಾ ಇದ್ದೋರು ಬರೀ 7 ಜನ, ಹೋಲಿಕೆಗೆ 20 ಜನ ಆರೋಗ್ಯವಂತರು. ಗುಂಪಿಗೆ ಗುಂಪು ಸರಾಸರಿ ಇಟ್ಟು ನೋಡಿದಾಗ ಕಂಡ ವ್ಯತ್ಯಾಸ ಅದು, ಒಬ್ಬರ ಸ್ಕ್ಯಾನ್ ಕೈಗೆ ಕೊಟ್ಟು "ಇವ್ರಿಗೆ ನಿದ್ದೆ ಬರತ್ತಾ ಇಲ್ವಾ ಹೇಳಿ" ಅಂದ್ರೆ ಯಾರಿಗೂ ಹೇಳಕ್ಕಾಗಲ್ಲ. ಆಮೇಲೆ ಬೇರೆ ಬೇರೆ ಕಡೆ ಬೇರೆ ಬೇರೆ ಸ್ಕ್ಯಾನ್‌ಗಳಲ್ಲಿ ಒಬ್ಬೊಬ್ರು ಮಿದುಳಿನ ಒಂದೊಂದು ಜಾಗ ತೋರ್ಸಿ ಇಲ್ಲೇ ತೊಂದ್ರೆ ಅಂದ್ರು. 2018ರಲ್ಲಿ ಅವನ್ನೆಲ್ಲಾ ಒಟ್ಟಿಗೆ ಹಾಕಿ ಲೆಕ್ಕ ಮಾಡಿದ ಒಂದು ವಿಶ್ಲೇಷಣೇಲಿ ಎಲ್ರಲ್ಲೂ ಸಾಮಾನ್ಯವಾಗಿ ಕೆಟ್ಟಿರೋ ಒಂದೇ ಒಂದು ಜಾಗಾನೂ ಸಿಗ್ಲಿಲ್ಲ! ಮಿದುಳನ್ನ ಶಾಂತ ಮಾಡೋ ಗಾಬಾ ಅನ್ನೋ ರಾಸಾಯನಿಕದ ಕಥೆನೂ ಅದೇ. ಎಂಆರ್‌ಐ ಮಷೀನಲ್ಲೇ ಅದನ್ನ ಅಳೆಯೋ ಒಂದು ವಿಧಾನ ಇದೆ, 2008ರಲ್ಲಿ ಒಂದು ತಂಡ ನಿದ್ದೆ ಬರದೋರಲ್ಲಿ ಅದು ಸುಮಾರು 30% ಕಮ್ಮಿ ಅಂತು, 2012ರಲ್ಲಿ ಇನ್ನೊಂದು ತಂಡ ಇಲ್ಲ ಜಾಸ್ತಿ ಇದೆ ಅಂತು. ನಿಮ್ಮ ನಂಬರ್ ಬಂದ್ರೂ ನಾನು ಅದನ್ನ ಇಟ್ಕೊಂಡು ಏನ್ ಮಾಡ್ಲಿ?

ಇನ್ನೊಂದು ಮಾತು, ಇದನ್ನ ಯಾರೂ ಮೊದ್ಲೇ ಹೇಳಲ್ಲ. ಏನೂ ತೊಂದ್ರೆ ಇಲ್ಲದ ಜನರನ್ನ ಸಾಲಾಗಿ ನಿಲ್ಸಿ ಎಂಆರ್‌ಐ ಮಾಡಿದ್ರೆ ನೂರಕ್ಕೆ ಸುಮಾರು ಮೂರು ಜನರಲ್ಲಿ ಸಿಸ್ಟು, ರಕ್ತನಾಳದ ಸಣ್ಣ ಉಬ್ಬು, ಅಂಥದ್ದೇನಾದ್ರೂ ಸಿಗತ್ತೆ. ವಯಸ್ಸಾಗ್ತಾ ಬರೋ ಸಣ್ಣ ಬಿಳಿ ಚುಕ್ಕೆಗಳನ್ನ ಈ ಲೆಕ್ಕಕ್ಕೆ ಹಿಡಿದಿಲ್ಲ, ಅವು ಇನ್ನೂ ಕಾಮನ್. ಅದ್ರಲ್ಲಿ ಬಹಳಷ್ಟಕ್ಕೆ ಚಿಕಿತ್ಸೆನೇ ಬೇಕಿರಲ್ಲ. ಆದ್ರೆ ಮೊದ್ಲೇ ನಿದ್ದೆ ಬರ್ದೆ ಒದ್ದಾಡ್ತಿರೋರ ಕೈಗೆ "ನಾನ್ ಸ್ಪೆಸಿಫಿಕ್ ವೈಟ್ ಮ್ಯಾಟರ್ ಚೇಂಜಸ್" (ಅದೇ ಬಿಳಿ ಚುಕ್ಕೆಗಳು) ಅನ್ನೋ ಲೈನ್ ಇರೋ ರಿಪೋರ್ಟ್ ಕೊಟ್ಟು ನೋಡಿ, ಇದ್ದ ಮೂರು ಗಂಟೆ ನಿದ್ದೆನೂ ಹೋಗತ್ತೆ.

ಈಗ ಮಾಡ್ಬೇಕಾಗಿರೋದು ಎರಡು ವಾರ ನಿದ್ದೆ ಡೈರಿ ಬರೆಯೋದು. ಎಷ್ಟೊತ್ತಿಗೆ ಹಾಸಿಗೆಗೆ ಹೋದ್ರಿ, ಅಂದಾಜು ಎಷ್ಟೊತ್ತಿಗೆ ನಿದ್ದೆ ಬಂತು, ಎಷ್ಟ್ ಸಲ ಎದ್ರಿ, ಬೆಳಗ್ಗೆ ಎಷ್ಟೊತ್ತಿಗೆ ಎದ್ರಿ, ಇಷ್ಟು ಸಾಕು, ರಾತ್ರಿ ಗಡಿಯಾರ ನೋಡ್ತಾ ಕೂರ್ಬೇಡಿ. ಅದನ್ನ ಹಿಡ್ಕೊಂಡು ಸಿಬಿಟಿ-ಐ ಅನ್ನೋ, ಮಾತ್ರೆ ಇಲ್ದೆ ನಿದ್ದೆಯ ಅಭ್ಯಾಸ ಮತ್ತೆ ಯೋಚ್ನೆಗಳನ್ನ ತಿದ್ದೋ ಚಿಕಿತ್ಸೆ ಮಾಡೋರ ಹತ್ರ ಹೋಗಿ, ದೀರ್ಘಕಾಲದ ಇನ್ಸೋಮ್ನಿಯಾಗೆ ಮಾತ್ರೆಗಿಂತ ಮೊದಲು ಅದನ್ನೇ ಕೊಡ್ಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ. ನಿದ್ದೆ ತೊಂದ್ರೆ ಜೊತೆಗೆ ಹೊಸದಾಗಿ ತಲೆನೋವು, ಫಿಟ್ಸ್, ಕೈಕಾಲು ಬಲ ಕಮ್ಮಿ ಆಗೋದು, ಎರಡೆರಡು ಕಾಣೋದು, ತಲೆಗೆ ಪೆಟ್ಟು ಬಿದ್ದ ಹಿನ್ನೆಲೆ, ಇಂಥದ್ದೇನಾದ್ರೂ ಇದ್ರೆ ನಾನೇ ಎಂಆರ್‌ಐ ಬರ್ಕೊಡ್ತೀನಿ. ನೀವು ಬರೆದಿದ್ರಲ್ಲಿ ಅದ್ಯಾವ್ದೂ ಇಲ್ಲ.

ಪ್ರಶ್ನೆ: ಗಡಗಡ ಸದ್ದು ಮಾಡೋ ಆ ಮಷೀನ್ ಒಳಗೆ ಯಾರಿಗಾದ್ರೂ ನಿದ್ದೆ ಬರತ್ತಾ? ನಿದ್ದೆ ಮಾಡ್ತಿರೋ ಮಿದುಳಿನ ಸ್ಕ್ಯಾನ್ ಹೆಂಗ್ ತೆಗೀತಾರೆ?

ಈ ಪ್ರಶ್ನೆ ಓದಿ ಖುಷಿ ಆಯ್ತು, ಯಾಕಂದ್ರೆ ಸಂಶೋಧಕರೂ ಇದೇ ತಲೆನೋವಲ್ಲಿ ವರ್ಷಗಟ್ಲೆ ಕಳೆದಿದಾರೆ.

ಪೆಟ್‌ನಲ್ಲಿ ಒಂದು ಚೆಂದದ ಉಪಾಯ ಇದೆ. ಮನುಷ್ಯ ಮಷೀನ್ ಒಳಗೆ ಮಲಗೋದೇ ಬೇಡ. ಸ್ಲೀಪ್ ಲ್ಯಾಬ್‌ನಲ್ಲಿ ಮಾಮೂಲಿ ಹಾಸಿಗೆ ಮೇಲೆ ಮಲಗಿರ್ತಾರೆ, ಕೈಗೆ ಮೊದ್ಲೇ ಡ್ರಿಪ್ ಸೂಜಿ ಹಾಕಿ ಅದರ ಉದ್ದನೆ ಟ್ಯೂಬ್ ಪಕ್ಕದ ರೂಮಿಗೆ ಎಳ್ಕೊಂಡಿರ್ತಾರೆ, ಇಇಜಿ (ತಲೆಗೆ ತಂತಿ ಹಾಕಿ ಮಿದುಳಿನ ವಿದ್ಯುತ್ ಅಲೆ ನೋಡೋ ಪರೀಕ್ಷೆ) ಗೆರೆ ನೋಡಿ ಹಾ ಈಗ ಗಾಢ ನಿದ್ದೆ ಅಂತ ಖಾತ್ರಿ ಆದ್ಮೇಲೆ ಅಲ್ಲಿಂದಾನೇ ಮೆಲ್ಲಗೆ ಟ್ರೇಸರ್, ಅಂದ್ರೆ ಸ್ವಲ್ಪ ವಿಕಿರಣ ಸೂಸೋ ಗ್ಲೂಕೋಸ್ ಥರದ ವಸ್ತು ಬಿಡ್ತಾರೆ. ಆ ಹೊತ್ತಲ್ಲಿ ಯಾವ ಜೀವಕೋಶ ಹಸಿದಿತ್ತೋ ಅದು ಟ್ರೇಸರ್ ಎಳ್ಕೊಂಡು ಒಳಗೇ ಸಿಕ್ಕಾಕ್ಕೊಳತ್ತೆ. ಇಪ್ಪತ್ತು ನಿಮಿಷ ಕಳೆದ್ಮೇಲೆ ಎಬ್ಬಿಸಿ ಸ್ಕ್ಯಾನರ್ ಹತ್ರ ಕರ್ಕೊಂಡ್ ಹೋದ್ರೂ ಪರವಾಗಿಲ್ಲ, ಚಿತ್ರದಲ್ಲಿ ಬರೋದು ಆಗಿನ ನಿದ್ದೆನೇ. ನಿದ್ದೆ ಫೋಟೋನ ಎದ್ದಮೇಲೆ ತೆಗೆಯೋದು! ಟ್ರೇಸರ್‌ನ ವಿಕಿರಣ 110 ನಿಮಿಷಕ್ಕೆ ಅರ್ಧ ಆಗೋದ್ರಿಂದ ಅಷ್ಟು ಟೈಮ್ ಸಿಗತ್ತೆ. ಸ್ಪೆಕ್ಟ್ ಅನ್ನೋ ಇನ್ನೊಂದು ಸ್ಕ್ಯಾನಲ್ಲೂ ಹೆಚ್ಚುಕಮ್ಮಿ ಇದೇ ಉಪಾಯ. 2000ದಲ್ಲಿ ಸ್ವಿಟ್ಜರ್ಲೆಂಡಲ್ಲಿ ನಿದ್ದೇಲಿ ಎದ್ದು ಓಡಾಡೋ ಒಬ್ಬ 16 ವರ್ಷದ ಹುಡುಗ ಹಂಗೆ ಏಳ್ತಿರೋವಾಗ್ಲೇ ಟ್ರೇಸರ್ ಕೊಟ್ಟು ನೋಡಿದ್ರು. ಮಿದುಳಿನ ಹಿಂಭಾಗದ ಸಿಂಗ್ಯುಲೇಟ್ ಅನ್ನೋ ಜಾಗಕ್ಕೂ ಕಿರುಮಿದುಳಿಗೂ ರಕ್ತ ಜಾಸ್ತಿ ಹರೀತಿತ್ತು, ವಿವೇಚನೆ ಮಾಡೋ ಮುಂಭಾಗ ಮಾತ್ರ ಇನ್ನೂ ಮಲಗಿತ್ತು. ದೇಹ ಎದ್ದಿದೆ, ಬುದ್ಧಿ ಎದ್ದಿಲ್ಲ. ದೊಡ್ಡೋರಲ್ಲೂ ನಿದ್ದೆನಡಿಗೆ ಅಂದ್ರೆ ಅರ್ಧ ಎಚ್ಚರ ಅರ್ಧ ನಿದ್ದೆ ಅನ್ನೋ ಈಗಿನ ತಿಳುವಳಿಕೆ ಇಂಥ ಚಿತ್ರಗಳಿಂದ ಗಟ್ಟಿ ಆಗಿದ್ದು.

ಮಿದುಳು ಕೆಲಸ ಮಾಡ್ತಿರೋದನ್ನ ತೋರ್ಸೋ ಫಂಕ್ಷನಲ್ ಎಂಆರ್‌ಐಗೆ ಈ ಉಪಾಯ ನಡೆಯಲ್ಲ, ಅದ್ರೊಳಗೇ ಮಲಗ್ಬೇಕು, ತಲೆಗೆ ವಿಶೇಷ ಇಇಜಿ ಟೋಪಿ, ಕಿವಿಗೆ ಹತ್ತಿ, ತಲೆ ಅಲ್ಲಾಡ್ಸೋ ಹಾಗಿಲ್ಲ. ಎಷ್ಟೋ ಸಲ ಹಿಂದಿನ ರಾತ್ರಿ ನಿದ್ದೆಗೆಡಿಸಿ ಕರೆಸ್ತಾರೆ. ತಮಾಷೆ ಏನಂದ್ರೆ ನಿದ್ದೆ ಬೇಡ, ಸುಮ್ನೆ ಎಚ್ಚರವಾಗಿರಿ ಅಂತ ಹೇಳಿ ಮಲಗಿಸಿದ ಸ್ಕ್ಯಾನ್‌ಗಳನ್ನ 2014ರಲ್ಲಿ ಪರೀಕ್ಷೆ ಮಾಡಿ ನೋಡಿದ್ರೆ ಮೂರನೇ ಒಂದು ಭಾಗ ಜನ ಮೂರೇ ನಿಮಿಷದಲ್ಲಿ ತೂಕಡಿಸೋಕೆ ಶುರು ಮಾಡಿದ್ರಂತೆ. ಮಲಗು ಅಂದ್ರೆ ಬರಲ್ಲ, ಮಲಗ್ಬೇಡ ಅಂದ್ರೆ ಬರತ್ತೆ, ಇನ್ಸೋಮ್ನಿಯಾ ಇರೋರಿಗೆ ಇದು ಹೊಸ ವಿಷಯ ಅಲ್ಲ ಬಿಡಿ.

ಪ್ರಶ್ನೆ: ನಮ್ಮ ಯಜಮಾನ್ರಿಗೆ 58. ಎರಡು ವರ್ಷದಿಂದ ನಿದ್ದೇಲಿ ಕಿರುಚ್ತಾರೆ, ಕಾಲು ಝಾಡಿಸಿ ಒದೀತಾರೆ, ಹೋದ ತಿಂಗಳು ಮಂಚದಿಂದ ಬಿದ್ದು ಹುಬ್ಬು ಒಡ್ಕೊಂಡ್ರು. ಎಬ್ಬಿಸಿದ್ರೆ ಯಾರೋ ಅಟ್ಟಿಸ್ಕೊಂಡ್ ಬಂದ್ರು ಅಂತಾರೆ. ಹಗಲು ಹೊತ್ತು ತುಂಬಾ ಸೌಮ್ಯ ಮನುಷ್ಯ. ಎಂಆರ್‌ಐ ನಾರ್ಮಲ್ ಬಂದಿದೆ. ಈಗ ಡಾಟ್ ಸ್ಕ್ಯಾನ್ ಅಂತ ಒಂದಿದೆ ಮಾಡಿಸಿ ಅಂತ ಯಾರೋ ಹೇಳಿದ್ರು, ಮಾಡಿಸ್ಬೇಕಾ?

ಅಮ್ಮಾ, ನೀವು ಬರೆದಿರೋದು ಆರ್‌ಇಎಂ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್ ಥರ ಕಾಣ್ತಿದೆ. ಆರ್‌ಇಎಂ ಅಂದ್ರೆ ಕನಸಿನ ನಿದ್ದೆ. ಕನಸು ಬೀಳೋ ಹೊತ್ತಲ್ಲಿ ನಮ್ಮೆಲ್ರ ಮೈಯೂ ಸಡಿಲ ಬಿದ್ದು ಅಲ್ಲಾಡ್ದಂಗೆ ಆಗಿರತ್ತೆ, ಮಿದುಳಿನ ಬುಡದಲ್ಲಿರೋ ಪಾನ್ಸ್ ಅನ್ನೋ ಜಾಗ ಆ ಬೀಗ ಹಾಕತ್ತೆ. ಈ ಕಾಯಿಲೇಲಿ ಆ ಬೀಗ ಸರಿಯಾಗಿ ಬೀಳಲ್ಲ. 1965ರಲ್ಲೇ ಫ್ರಾನ್ಸ್‌ನ ಮಿಷೆಲ್ ಜೂವೆ ಬೆಕ್ಕುಗಳಲ್ಲಿ ಆ ಜಾಗಕ್ಕೆ ಗಾಯ ಮಾಡಿದಾಗ ಅವು ನಿದ್ದೇಲೇ ಎದ್ದು ಇಲ್ಲದ ಶತ್ರು ಮೇಲೆ ಎಗರ್ತಿದ್ವು. ಮನುಷ್ಯರಲ್ಲಿ ಇದು ಒಂದು ಕಾಯಿಲೆ ಅಂತ ಗುರ್ತಿಸಿದ್ದು 1986ರಲ್ಲಿ, ಅಮೆರಿಕದ ಮಿನ್ನೆಸೋಟಾದಲ್ಲಿ ಶೆಂಕ್ ಮತ್ತು ಮಹೋವಾಲ್ಡ್. ಹಗಲು ಸೌಮ್ಯ ಅಂತ ನೀವು ಬರೆದಿದೀರಲ್ಲ, ಇಂಥವ್ರ ಹೆಂಡ್ತೀರು ಹೆಚ್ಚುಕಮ್ಮಿ ಎಲ್ರೂ ಅದೇ ಮಾತು ಹೇಳ್ತಾರೆ. ಅವ್ರು ನಿಮ್ಮನ್ನ ಒದೀತಿಲ್ಲ, ಕನಸಿನ ಕಳ್ಳನ್ನ ಒದೀತಿದಾರೆ.

ಮೊದ್ಲು ಬೇಕಾಗಿರೋದು ಸ್ಕ್ಯಾನ್ ಅಲ್ಲ, ವಿಡಿಯೋ ಸಮೇತ ಒಂದು ರಾತ್ರಿ ಸ್ಲೀಪ್ ಸ್ಟಡಿ. ತಲೆ ಮೇಲೆ, ಕಣ್ಣಿನ ಪಕ್ಕ, ಗಲ್ಲದ ಕೆಳಗೆ, ಕಾಲಿಗೆ ಅಂಟು ಹಚ್ಚಿ ತಂತಿ ಹಾಕ್ತಾರೆ. ಬೆಳಗ್ಗೆ ನಾವು ನೋಡೋದು ಮುಖ್ಯವಾಗಿ ಗಲ್ಲದ ಗೆರೆ. ಕನಸಿನ ನಿದ್ದೇಲಿ ಅದು ಸಪಾಟಾಗಿ ಇರ್ಬೇಕು, ಇವ್ರಲ್ಲಿ ಅದು ಕುದೀತಿರತ್ತೆ. ಸ್ಲೀಪ್ ಸ್ಟಡಿ ಬೇಕೇ ಬೇಕು ಅನ್ನೋದಕ್ಕೆ ಇನ್ನೊಂದು ಕಾರಣ, ಜೋರು ಉಸಿರುಗಟ್ಟೋ ಕಾಯಿಲೆ ಇದ್ರೂ ಒದ್ದಾಡಿ ಎಚ್ಚರ ಆಗೋದು ಥೇಟ್ ಹಿಂಗೇ ಕಾಣತ್ತೆ, ಅದಾಗಿದ್ರೆ ಚಿಕಿತ್ಸೆನೇ ಬೇರೆ. ಡಿಪ್ರೆಶನ್‌ಗೆ ಕೊಡೋ ಕೆಲವು ಮಾತ್ರೆಗಳಿಂದಾನೂ ಇದು ಶುರು ಆಗ್ಬೋದು, ಅವ್ರು ಏನಾದ್ರೂ ತಗೋತಿದ್ರೆ ಲಿಸ್ಟ್ ಹಿಡ್ಕೊಂಡ್ ಹೋಗಿ, ನೀವಾಗೇ ನಿಲ್ಲಿಸ್ಬೇಡಿ.

ಎಂಆರ್‌ಐ ನಾರ್ಮಲ್ ಬಂದಿದ್ರಲ್ಲಿ ಆಶ್ಚರ್ಯ ಇಲ್ಲ, ಇದ್ರಲ್ಲಿ ಸಾಮಾನ್ಯವಾಗಿ ನಾರ್ಮಲ್ಲೇ ಬರತ್ತೆ. ಇನ್ನು ಡಾಟ್ ಸ್ಕ್ಯಾನ್. ಮಿದುಳಿನ ಮಧ್ಯದಲ್ಲಿ ಡೋಪಮೀನ್ ತಂತುಗಳ ತುದಿ ಎಷ್ಟು ಉಳಿದಿವೆ ಅಂತ ಅದು ತೋರ್ಸತ್ತೆ. ಅಯೋಡಿನ್ ಬೆರೆಸಿರೋ ಟ್ರೇಸರನ್ನ ನರಕ್ಕೆ ಕೊಟ್ಟು ಮೂರರಿಂದ ಆರು ಗಂಟೆ ಕಾದು ಆಮೇಲೆ ಚಿತ್ರ ತೆಗೀತಾರೆ, ಥೈರಾಯ್ಡ್ ಆ ಅಯೋಡಿನ್ನ ಹೀರ್ಕೋಬಾರ್ದು ಅಂತ ಮುಂಚೆನೇ ಒಂದು ಔಷಧಿ ಕೊಡ್ತಾರೆ. ಚೆನ್ನಾಗಿರೋರ ಚಿತ್ರದಲ್ಲಿ ಎರಡು ಅಲ್ಪವಿರಾಮ ಚಿಹ್ನೆ ಎದುರುಬದುರು ಇಟ್ಟಂಗೆ ಕಾಣತ್ತೆ, ತಂತುಗಳು ಸವೆದಿದ್ರೆ ಅಲ್ಪವಿರಾಮದ ಬಾಲ ಮಾಯ ಆಗಿ ಬರೀ ಎರಡು ಚುಕ್ಕೆ ಉಳಿಯತ್ತೆ. ಕೈ ನಡುಗಿ ನಡಿಗೆ ನಿಧಾನ ಆಗೋ ಪಾರ್ಕಿನ್ಸನ್ ಕಾಯಿಲೇಲಿ ಹಿಂಗಾಗತ್ತೆ.

ಮುಂದಿನ ಮಾತು ಓದೋಕೆ ಮನಸ್ಸಿಲ್ಲ ಅಂದ್ರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ, ಬೇಜಾರಿಲ್ಲ. ಬೇರೆ ಕಾರಣ ಇಲ್ಲದೆ ಈ ಕಾಯಿಲೆ ಬಂದಿರೋರಲ್ಲಿ ಬಹಳ ಜನಕ್ಕೆ ವರ್ಷಗಳು ಕಳೆದ್ಮೇಲೆ ಪಾರ್ಕಿನ್ಸನ್ ಅಥ್ವಾ ಅದರ ಸಂಬಂಧಿ ಮರೆವಿನ ಕಾಯಿಲೆ ಬರತ್ತೆ. 2019ರಲ್ಲಿ ಹಲವು ದೇಶಗಳ ಸ್ಲೀಪ್ ಸೆಂಟರ್‌ಗಳು ಸೇರಿ 1280 ಜನರನ್ನ ಹಿಂಬಾಲಿಸಿದ್ದನ್ನ ಪ್ರಕಟಿಸಿದ್ರು, ವರ್ಷಕ್ಕೆ ಸುಮಾರು ನೂರಕ್ಕೆ ಆರು ಜನ, 12 ವರ್ಷದ ಹೊತ್ತಿಗೆ ಶೇಕಡಾ 73ರಷ್ಟು. ಅದು ಸ್ಪೆಷಲ್ ಸೆಂಟರ್‌ಗಳಿಗೆ ಬಂದೋರ ಲೆಕ್ಕ, ನಿಮ್ಮವ್ರ ಜಾತಕ ಅಲ್ಲ. ಡಾಟ್ ಸ್ಕ್ಯಾನಲ್ಲಿ ಬಾಲ ಸವೆದಿದ್ರೆ ಮುಂದಿನ ಕೆಲವೇ ವರ್ಷದಲ್ಲಿ ಬರೋ ಸಾಧ್ಯತೆ ಹೆಚ್ಚು ಅಂತ ತಿಳಿಯತ್ತೆ, ಆದ್ರೆ ಸ್ಕ್ಯಾನ್ ಚೆನ್ನಾಗಿ ಬಂತು ಅಂದ್ಮಾತ್ರಕ್ಕೆ ಮುಂದೆ ಬರೋದೇ ಇಲ್ಲ ಅಂತ ಅಲ್ಲ.

ಹಂಗಾಗಿ ಮಾಡಿಸ್ಬೇಕಾ ಅನ್ನೋದಕ್ಕೆ ನನ್ನ ಉತ್ತರ ಇಷ್ಟು. ನಡಿಗೆ ನಿಧಾನ ಆಗಿದೆ, ಕೈ ನಡುಗ್ತಿದೆ ಅಂತ ನ್ಯೂರಾಲಜಿಸ್ಟ್‌ಗೆ ಅನುಮಾನ ಬಂದು ಅದು ಪಾರ್ಕಿನ್ಸನ್ನೋ ಬೇರೆಯದ್ದೋ ಅಂತ ತೀರ್ಮಾನ ಮಾಡ್ಬೇಕಿದ್ರೆ ಮಾಡಿಸಿ. ಬರೀ ಮುಂದೇನು ಅಂತ ತಿಳ್ಕೊಳೋಕೆ ಅಂದ್ರೆ ಮೊದ್ಲು ಯಜಮಾನ್ರನ್ನೇ ಕೇಳಿ, ತಿಳ್ಕೊಳೋ ಆಸೆ ಅವ್ರಿಗಿದ್ಯಾ ಅಂತ. ಯಾಕಂದ್ರೆ ಸ್ಕ್ಯಾನ್ ಕೆಟ್ಟದಾಗಿ ಬಂದ್ರೆ ಅದನ್ನ ತಡೆಯೋ ಮಾತ್ರೆ ಇವತ್ತಿಗೆ ನಮ್ಮ ಹತ್ರ ಇಲ್ಲ. ಕೆಲವ್ರು ತಿಳ್ಕೊಂಡು ಆಸ್ತಿ ಮಕ್ಕಳ ವ್ಯವಸ್ಥೆ ಎಲ್ಲಾ ನೆಮ್ಮದಿಯಾಗಿ ಮಾಡ್ಕೋತಾರೆ, ಕೆಲವ್ರು ತಿಳ್ಕೊಂಡ ದಿನದಿಂದ ಕಾಫಿ ಲೋಟ ಎತ್ತೋವಾಗ್ಲೆಲ್ಲಾ ಕೈ ನಡುಗ್ತಾ ಅಂತ ನೋಡ್ಕೋತಾ ಕೂತ್ಬಿಡ್ತಾರೆ. ಇಬ್ರನ್ನೂ ನೋಡಿದೀನಿ.

ಇವತ್ತು ರಾತ್ರಿನೇ ಮಾಡೋದು ಏನಂದ್ರೆ ಹಾಸಿಗೆ ನೆಲದ ಮೇಲೆ ಹಾಕಿ, ಪಕ್ಕದ ಟೇಬಲ್ಲು, ಗಾಜಿನ ಸಾಮಾನು ದೂರ ಸರ್ಸಿ, ಸ್ವಲ್ಪ ದಿನ ನೀವು ಬೇರೆ ಹಾಸಿಗೇಲಿ ಮಲಗಿ. ಒದೆತ ಕಮ್ಮಿ ಮಾಡೋಕೆ ಮೆಲಟೋನಿನ್, ಕ್ಲೊನಾಜೆಪಾಮ್ ಅಂತ ಔಷಧಿ ಇವೆ, ಯಾವ್ದು ಎಷ್ಟು ಅಂತ ಸ್ಲೀಪ್ ಸ್ಟಡಿ ಆದ್ಮೇಲೆ ಡಾಕ್ಟ್ರು ನಿರ್ಧಾರ ಮಾಡ್ಲಿ, ಉಸಿರುಗಟ್ಟೋ ಕಾಯಿಲೆ ಇದ್ರೆ ಎರಡನೇದು ತೊಂದ್ರೆ ಕೊಡ್ಬೋದು.

ಪ್ರಶ್ನೆ: ಸ್ಲೀಪ್ ಆಪ್ನಿಯಾ ಇದೆ ಅಂತ ಗೊತ್ತಾಗಿದೆ, ಗಂಟೆಗೆ 38 ಸಲ ಉಸಿರು ನಿಲ್ತಿದೆಯಂತೆ. ಮಾಸ್ಕ್ ಮೂಲಕ ಗಾಳಿ ಒತ್ತೋ ಸಿಪ್ಯಾಪ್ ಮಷೀನ್ ಕಿರಿಕಿರಿ. ಮರೆವು ಜಾಸ್ತಿ ಆಗಿದೆ. ಮಿದುಳಿಗೆ ಏಟು ಬಿದ್ದಿದ್ಯಾ, ಬಿದ್ದಿದ್ರೆ ವಾಪಸ್ ಸರಿ ಹೋಗತ್ತಾ?

30ರ ಮೇಲಿದ್ರೆ ತೀವ್ರ ಅಂತ ಲೆಕ್ಕ, ನಿಮ್ಮದು 38. ರಾತ್ರಿಯಿಡೀ ಆಕ್ಸಿಜನ್ ಬೀಳೋದು ಏಳೋದು ನಡೀತಿರತ್ತೆ, ನೆನಪಿನ ಕೆಲಸ ಮಾಡೋ ಹಿಪ್ಪೋಕ್ಯಾಂಪಸ್ ಅನ್ನೋ ಭಾಗಕ್ಕೆ ಅದು ಆಗಿಬರಲ್ಲ. ಎಂಆರ್‌ಐ ಸ್ಟಡಿಗಳಲ್ಲಿ ಚಿಕಿತ್ಸೆ ತಗೊಳ್ದೆ ಇರೋ ಆಪ್ನಿಯಾದವ್ರ ಆ ಭಾಗ ಸ್ವಲ್ಪ ಸಣ್ಣಗೆ ಆಗಿರೋದು ಕಂಡಿದೆ.

ಸಮಾಧಾನದ ವಿಷಯ ಇಟಲಿಯಿಂದ ಬಂತು. ಮಿಲಾನ್‌ನ ಒಂದು ತಂಡ ತೀವ್ರ ಆಪ್ನಿಯಾ ಇದ್ದೋರನ್ನ ಸಿಪ್ಯಾಪ್ ಹಾಕೋ ಮುಂಚೆ, ಹಾಕಿದ್ಮೇಲೆ ಸ್ಕ್ಯಾನ್ ಮಾಡಿ ನೋಡಿದ್ರು. 2011ರಲ್ಲಿ ಪ್ರಕಟ ಆಗಿದ್ದು, ಮೂರು ತಿಂಗಳಿಗೇ ಹಿಪ್ಪೋಕ್ಯಾಂಪಸ್ ಮತ್ತೆ ಮುಂಭಾಗದ ಕೆಲವು ಕಡೆ ಗ್ರೇ ಮ್ಯಾಟರ್ (ನರಕೋಶಗಳು ತುಂಬಿರೋ ಪದರ) ಹೆಚ್ಚಾಗಿತ್ತು, ನೆನಪು ಗಮನ ಎಲ್ಲಾ ಸುಧಾರಿಸಿತ್ತು. 2014ರಲ್ಲಿ ಅವ್ರೇ ಮಿದುಳಿನ ವೈರಿಂಗ್ ಅಂತೀವಲ್ಲ ಆ ವೈಟ್ ಮ್ಯಾಟರ್ ನೋಡಿದಾಗ ಅದು ಮೂರು ತಿಂಗಳಿಗೆ ಅಷ್ಟಾಗಿ ಸರಿ ಹೋಗಿರ್ಲಿಲ್ಲ, ಒಂದು ವರ್ಷಕ್ಕೆ ಹೆಚ್ಚುಕಮ್ಮಿ ಪೂರ್ತಿ ಸರಿ ಹೋಗಿತ್ತು. ಸಣ್ಣ ಸ್ಟಡಿಗಳು, ಇಪ್ಪತ್ತು ಜನಾನೂ ಇರ್ಲಿಲ್ಲ, ಆಮೇಲೆ ಅವ್ರೆಲ್ಲಾ ಮಷೀನನ್ನ ನಿಯತ್ತಾಗಿ ಹಾಕ್ಕೊಂಡೋರು. ಅಲಮಾರಿ ಮೇಲಿಟ್ಟ ಸಿಪ್ಯಾಪ್‌ನಿಂದ ಯಾರ ಹಿಪ್ಪೋಕ್ಯಾಂಪಸ್ಸೂ ಬೆಳೆದಿಲ್ಲ.

ನಿಮಗೆ ಅದಕ್ಕೋಸ್ಕರ ಸ್ಕ್ಯಾನ್ ಬೇಡ. ಕಿರಿಕಿರಿ ಎಲ್ಲಿ ಅಂತ ಹೇಳಿ ಮಾಸ್ಕ್ ಬದಲಾಯ್ಸಿ, ಮೂಗು ಒಣಗ್ತಿದ್ರೆ ಹ್ಯುಮಿಡಿಫೈಯರ್ ಹಾಕ್ಸಿ, ಗಾಳಿ ಜೋರು ಅನ್ನಿಸಿದ್ರೆ ಪ್ರೆಷರ್ ಸರಿ ಮಾಡ್ಸಿ. ಗಂಟಲು ಕಟ್ಟಿ ಉಸಿರು ನಿಲ್ಲೋದಲ್ಲದೆ ಮಿದುಳೇ ಉಸಿರಾಡು ಅಂತ ಹೇಳೋದು ಮರೆಯೋ ಇನ್ನೊಂದು ಥರದ ಆಪ್ನಿಯಾ ಇದೆ, ಸೆಂಟ್ರಲ್ ಅಂತ. ಸ್ಲೀಪ್ ಸ್ಟಡೀಲಿ ಅದು ಬಂದು, ಹಾರ್ಟಿನ ತೊಂದ್ರೆ ಅಥ್ವಾ ನೋವಿನ ಮಾತ್ರೆಗಳಂಥ ಕಾರಣ ಸಿಗ್ದೇ ಇದ್ರೆ ಆಗ ಮಿದುಳಿನ ಬುಡ ನೋಡೋಕೆ ಎಂಆರ್‌ಐಗೆ ಅರ್ಥ ಇದೆ.

ಪ್ರಶ್ನೆ: ಮೀಟಿಂಗಲ್ಲಿ ಮಾತಾಡ್ತಾ ಮಾತಾಡ್ತಾನೇ ನಿದ್ದೆ ಬಂದ್ಬಿಡತ್ತೆ, ಜೋರಾಗಿ ನಕ್ಕರೆ ಮಂಡಿ ಕುಸಿಯತ್ತೆ. ಎಂಆರ್‌ಐ ನಾರ್ಮಲ್ ಬಂದಿದ್ದಕ್ಕೆ ಆಫೀಸಲ್ಲಿ ಎಲ್ರೂ ಸೋಮಾರಿ ಅಂತಿದಾರೆ. ವಯಸ್ಸು 27.

ನಕ್ಕರೆ ಮಂಡಿ ಕುಸಿಯೋದು ಅಂತ ಬರೆದಿದೀರಲ್ಲ, ಎಂಆರ್‌ಐಗಿಂತ ಆ ಒಂದು ಮಾತು ನಂಗೆ ಹೆಚ್ಚು ಹೇಳ್ತು. ನಾರ್ಕೊಲೆಪ್ಸಿ ಇರ್ಬೋದು, ಅಂದ್ರೆ ಹಗಲಲ್ಲೇ ತಡೆಯಕ್ಕಾಗದಂಗೆ ನಿದ್ದೆ ಬರೋ ಕಾಯಿಲೆ.

ಇದ್ರಲ್ಲಿ ಸಾಯೋದು ನಮ್ಮನ್ನ ಎಚ್ಚರ ಇಡೋ ಹೈಪೊಕ್ರೆಟಿನ್ ಅನ್ನೋ ರಾಸಾಯನಿಕ ತಯಾರು ಮಾಡೋ ಕೋಶಗಳು. 8600 ಕೋಟಿ ನರಕೋಶ ಇರೋ ಮಿದುಳಲ್ಲಿ ಅವು ಕೆಲವು ಹತ್ತು ಸಾವಿರ ಅಷ್ಟೇ, ಹೈಪೊಥಲಮಸ್‌ನ ಒಂದು ಮೂಲೇಲಿ. ಅವು ಅಷ್ಟೂ ಸತ್ರೂ ಮಾಮೂಲಿ ಎಂಆರ್‌ಐಗೆ ಗೊತ್ತೇ ಆಗಲ್ಲ, ಊರಿನ ವಿಮಾನ ಫೋಟೋ ನೋಡಿ ಯಾರ ಮನೇಲಿ ಸಕ್ಕರೆ ಖಾಲಿ ಆಗಿದೆ ಅಂತ ಹುಡುಕಿದಂಗೆ. ತೀರಿಹೋದ ರೋಗಿಗಳ ಮಿದುಳಿನ ಕೋಶಗಳನ್ನ 2000ದಲ್ಲಿ ಸೂಕ್ಷ್ಮದರ್ಶಕದಲ್ಲಿ ಎಣಿಸಿ ನೋಡಿದಾಗ್ಲೇ 85ರಿಂದ 95% ಕೋಶ ಇಲ್ಲ ಅಂತ ತಿಳಿದಿದ್ದು. ಆ ಜಾಗದ ಮೇಲೆ ಅನುಮಾನ ಮಾತ್ರ ಸ್ಕ್ಯಾನ್ ಅನ್ನೋದೇ ಇಲ್ಲದ ಕಾಲದ್ದು. ಮೊದಲ ಮಹಾಯುದ್ಧದ ಹೊತ್ತಲ್ಲಿ ಹಬ್ಬಿದ ಮಿದುಳು ಜ್ವರದಲ್ಲಿ ಕೆಲವ್ರು ದಿನಗಟ್ಲೆ ನಿದ್ದೆ, ಕೆಲವ್ರಿಗೆ ನಿದ್ದೆನೇ ಇಲ್ಲ. ವಿಯೆನ್ನಾದ ಫಾನ್ ಎಕೊನೊಮೊ ಸತ್ತವ್ರ ಮಿದುಳು ಕೊಯ್ದು ನೋಡಿ ಹೈಪೊಥಲಮಸ್ ಹಿಂಭಾಗ ಕೆಟ್ರೆ ಅತಿನಿದ್ದೆ, ಮುಂಭಾಗ ಕೆಟ್ರೆ ನಿದ್ದೆ ಇಲ್ಲ ಅಂತ ಹೇಳಿದ್ರು, ಆ ಮಾತು ಇವತ್ತಿಗೂ ನಿಂತಿದೆ.

ನೀವು ರಾತ್ರಿ ಸ್ಲೀಪ್ ಸ್ಟಡಿ, ಅದರ ಮಾರನೇ ದಿನ ಎಂಎಸ್‌ಎಲ್‌ಟಿ ಅನ್ನೋ ಹಗಲು ನಿದ್ದೆ ಪರೀಕ್ಷೆ ಮಾಡಿಸಿ. ಎರಡೆರಡು ಗಂಟೆಗೆ ಒಂದ್ಸಲ ಕತ್ತಲೆ ರೂಮಲ್ಲಿ ಮಲಗಿಸ್ತಾರೆ, ನಾಲ್ಕೈದು ಸಲ. ಸರಾಸರಿ 8 ನಿಮಿಷದೊಳಗೆ ನಿದ್ದೆ ಬಂದು ಎರಡು ಸಲವಾದ್ರೂ ನೇರ ಕನಸಿನ ನಿದ್ದೆಗೆ ಜಾರಿದ್ರೆ ಉತ್ತರ ಸಿಕ್ಕಂಗೆ. ಅಲ್ಲಿವರೆಗೂ ಗಾಡಿ ಓಡಿಸ್ಬೇಡಿ, ಇದನ್ನ ಸುಮ್ನೆ ಹೇಳ್ತಿಲ್ಲ.

ಪ್ರಶ್ನೆ: ಸಂಜೆ ಆದ್ರೆ ಕಾಲೊಳಗೆ ಹುಳ ಹರಿದಂಗೆ, ಅಲ್ಲಾಡಿಸ್ದೆ ಇರಕ್ಕಾಗಲ್ಲ, ಎದ್ದು ಓಡಾಡಿದ್ರೆ ಮಾತ್ರ ಸಮಾಧಾನ. ಬೆನ್ನುಮೂಳೆ ಎಂಆರ್‌ಐ ನಾರ್ಮಲ್. ಬ್ರೇನ್ ಎಂಆರ್‌ಐ?

ಬೇಡ, ಬ್ಲಡ್ ಟೆಸ್ಟ್ ಸಾಕು. ನೀವು ಹೇಳ್ತಿರೋದು ರೆಸ್ಟ್‌ಲೆಸ್ ಲೆಗ್ಸ್ ಅನ್ನೋ ಕಾಯಿಲೆ ಥರ ಇದೆ. ಅದು ಇರೋರ ಮಿದುಳಲ್ಲಿ, ಸಬ್‌ಸ್ಟಾನ್ಶಿಯಾ ನೈಗ್ರಾ ಅನ್ನೋ ಕಡೆ ಕಬ್ಬಿಣ ಕಮ್ಮಿ ಅಂತ 2001ರಲ್ಲಿ ಎಂಆರ್‌ಐ ಇಂದಾನೇ ಕಂಡಿದ್ದು. ಹಂಗಾಗಿ ಆ ಸ್ಕ್ಯಾನಿನ ಲಾಭ ಈಗ ನಿಮಗೆ ಸ್ಕ್ಯಾನ್ ಇಲ್ದೇನೇ ಸಿಗತ್ತೆ. ಫೆರಿಟಿನ್, ಅಂದ್ರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ನೋಡ್ಸಿ, ಹಿಮೋಗ್ಲೋಬಿನ್ ಚೆನ್ನಾಗಿದ್ರೂ ಇದು ಇಳಿದಿರ್ಬೋದು. ಲ್ಯಾಬ್ ರಿಪೋರ್ಟಲ್ಲಿ 30, 40 ಬಂದಿದ್ರೆ ಪಕ್ಕದಲ್ಲಿ ನಾರ್ಮಲ್ ಅಂತಾನೇ ಬರೆದಿರತ್ತೆ, ಆದ್ರೆ ಈ ಕಾಯಿಲೆಗೆ ನಾವು 75ಕ್ಕಿಂತ ಕೆಳಗಿದ್ರೆ ಕಬ್ಬಿಣ ಕೊಡೋ ಯೋಚ್ನೆ ಮಾಡ್ತೀವಿ. ಡಾಕ್ಟ್ರನ್ನ ಕೇಳ್ದೆ ನೀವಾಗೇ ಕಬ್ಬಿಣದ ಮಾತ್ರೆ ಶುರು ಮಾಡ್ಬೇಡಿ.

ಪ್ರಶ್ನೆ: ನನ್ನ ಸ್ಮಾರ್ಟ್‌ವಾಚ್ ಡೀಪ್ ಸ್ಲೀಪ್ 22 ನಿಮಿಷ ಅಂತ ತೋರ್ಸ್ತಿದೆ. ಸ್ಕ್ಯಾನ್ ಮಾಡಿಸಿ ಖಾತ್ರಿ ಮಾಡ್ಕೊಳ್ಲಾ?

ಬೆಳಗ್ಗೆ ಎದ್ದಾಗ ಹೆಂಗಿರತ್ತೆ ಅಂತ ನೀವು ಬರ್ದೇ ಇಲ್ಲ. ವಾಚ್ ಮಿದುಳನ್ನ ನೋಡಲ್ಲ, ಕೈ ಎಷ್ಟು ಅಲ್ಲಾಡ್ತು, ನಾಡಿ ಹೆಂಗ್ ಬಡೀತು ಅಂತ ನೋಡಿ ಅಂದಾಜು ಹೊಡೆಯತ್ತೆ. ಡೀಪ್ ಸ್ಲೀಪ್ ಅಂತ ಕರೆಯೋದು ಇಇಜಿಲಿ ದೊಡ್ಡ ನಿಧಾನ ಅಲೆ ಕಂಡಾಗ ಮಾತ್ರ, ಅದಕ್ಕೆ ತಲೆ ಮೇಲೆ ತಂತಿ ಬೇಕು. ಹಗಲು ಚುರುಕಾಗಿದೀರ ಅಂದ್ರೆ ಒಂದು ವಾರ ವಾಚ್ ಬಿಚ್ಚಿಟ್ಟು ಮಲಗಿ, ಆಮೇಲೂ ತೊಂದ್ರೆ ಇದ್ರೆ ಬರೀರಿ.